ಪಪ್ಪಾ ಹೋಟೆಲಲ್ಲೇ ಇರೋದು

ಎಲ್ಲ ರಗಳೆಗೂ ಮೂಲ ‘ಹೋಟೆಲು’ ಎಂಬ ಮೂರೇ ಮೂರು ಅಕ್ಷರ.

ದೇವದಾಸ್ ಠಾಣೆಯ ವರ್ತಕ ನಗರದ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತು ವರ್ಷಗಳಿಂದ ಕ್ಯಾಪ್ಟನ್. ಹಡಗಿನ ಕ್ಯಾಪ್ಟನ್ ಅಲ್ಲ. ಗಿರಾಕಿಗಳ ಮೇಜಿನ ಪಕ್ಕ ನಿಂತು ಆರ್ಡರು ತೆಗೆದುಕೊಂಡು ಸಪ್ಲಾಯರುಗಳನ್ನು ಓಡಿಸುವವನು. ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಮೂರನೇ ಕ್ಲಾಸಿನ ಟೀಚರು, ರಜೆಯಲ್ಲಿ ಯಾರು ಯಾರು ಹೋಟೆಲಿನಲ್ಲಿ ಉಳಿದಿದ್ದಿರಿ ಎಂದು ಕೇಳಿದರಂತೆ. ದೇವದಾಸನ ಮಗ ವಿಕಾಸ್ ಬೆಂಚಿನ ಮೇಲೆ ಹತ್ತಿ ನಿಂತು, “ಮೇರೇ ಪಪ್ಪಾ ತೋ ಹೋಟೆಲ್ ಮೇ ಹೀ ರಹತೇ ಹೈ” ಎಂದ, ನನ್ನ ಪಪ್ಪಾ ಹೋಟೆಲಲ್ಲೇ ಇರೋದು ಎಂಬ ಹೆಮ್ಮೆಯಿಂದ. ಪಕ್ಕದ ಹುಡುಗಿ ತಣ್ಣಗೆ, “ವೋ ತೋ ಇಡ್ಲಿ ಲಾತೇ ಹೈ” ಎಂದಳು. ಪಪ್ಪಾ ಇಡ್ಲಿ ತಂದುಕೊಡುವವರು ಎಂದು ತಿಳಿದದ್ದೇ ಕ್ಲಾಸಿಗೆ ಕ್ಲಾಸೇ ನಕ್ಕಿತು. ಸಾಲದ್ದಕ್ಕೆ ಟೀಚರು ಸೋಮವಾರದೊಳಗೆ ‘ನಾವು ಹೋಟೆಲಿನಲ್ಲಿ ಉಳಿದ ದಿನ’ ಎಂದು ಒಂದು ಪುಟ ಬರೆದು ತನ್ನಿ ಅಂದರು.

ಹುಡುಗ ಎರಡು ದಿನ ಇಡ್ಲಿ ಮುಟ್ಟಲಿಲ್ಲ. ಮೂರನೆಯ ದಿನ ಅವನ ತಾಯಿ ಹರಿಣಾಕ್ಷಿ ಗಂಡನ ಮುಂದೆ ತಟ್ಟೆ ಇಡುವಾಗಲೇ ತೀರ್ಪು ಕೊಟ್ಟಳು. ಭಾನುವಾರ ಘೋಡಬಂದರ್ ರಸ್ತೆಯ ಆ ಹೊಸ ಹೋಟೆಲಿನಲ್ಲಿ ಒಂದು ದಿನ ಉಳಿಯುವುದು. ಎ.ಸಿ. ರೂಮು, ಟಿ.ವಿ., ಎಲ್ಲ ಬೇಕು.

“ಮತ್ತೆ ಒಂದು ಮಾತು ವಿಕಾಸನ ಪಪ್ಪಾ. ಅಲ್ಲಿ ನೀವು ಕೂತು ತಿನ್ನಬೇಕು. ಯಾರದ್ದಾದ್ರೂ ಒಂದು ಲೋಟ ಎತ್ತಿದಿರೋ, ನಾನು ಅಲ್ಲಿಂದಲೇ ಮಕ್ಕಳನ್ನು ಕರ್ಕೊಂಡು ಕಾಮೋಠೆಗೆ ಅಣ್ಣನ ಮನೆಗೆ ಹೋಗ್ತೇನೆ.”

ದೇವದಾಸ್ ಮಗನ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ. ಆದರೆ ಧಣಿ ಪುಂಡರೀಕಾಕ್ಷ ರಾಯರ ಹತ್ತಿರ ರಜೆ ಕೇಳುವುದು ಹೇಗೆ? ಅನ್ನ ಕೊಟ್ಟ ಹೋಟೆಲು ಬಿಟ್ಟು ಇನ್ನೊಂದು ಹೋಟೆಲಿಗೆ ಹೋಗುತ್ತೇನೆ ಎಂದರೆ ಯಾವ ಧಣಿ ಸಹಿಸುತ್ತಾನೆ? ಕಾಮೋಠೆಯಲ್ಲಿ ಭಾವನ ಹೊಸಮನೆ ಒಕ್ಕಲು ಎಂದು ಸುಳ್ಳು ಹೇಳಿದ. ರಾಯರು ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿ ರಜೆ ಕೇಳಿದವನನ್ನು ಮೇಲಿಂದ ಕೆಳಗೆ ನೋಡಿ, ಹೋಗಿ ಬಾ ಅಂದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾಲ್ವರೂ ಆ ಹೋಟೆಲಿನ ಗಾಜಿನ ಬಾಗಿಲ ಮುಂದೆ ಆಟೋದಿಂದ ಇಳಿದರು. ಕೌಂಟರಿನಲ್ಲಿ ಸೋನಾಲಿ ಎಂಬ ಹುಡುಗಿ ಇದ್ದಳು. ಅವಳಿಗೆ ಅದು ಕೆಲಸದ ಎರಡನೆಯ ದಿನ. ಅವಳು ರಿಜಿಸ್ಟರನ್ನು ದೇವದಾಸನ ಕಡೆ ತಿರುಗಿಸಿದಳು. ಹೆಸರು, ಊರು ಬರೆದಾಯಿತು. ಉದ್ಯೋಗ ಎಂಬ ಕಡೆ ‘ಹೋಟೆಲ್ ಕ್ಯಾಪ್ಟನ್’ ಎಂದು ಅಕ್ಷರ ಉರುಟು ಮಾಡಿ ಬರೆದ. ಬಂದ ಉದ್ದೇಶ ಎಂಬ ಕಡೆ ಪೆನ್ನು ಸ್ವಲ್ಪ ನಿಂತಿತು. ಬಂದದ್ದು ಹೋಟೆಲಿಗಾಗಿ; ಬೇರೇನು ಬರೆಯುವುದು? ‘ಹೋಟೆಲ್’ ಎಂದೇ ಬರೆದ.

ಸೋನಾಲಿ ಓದಿ ಮುಖ ಅರಳಿಸಿದಳು. ಉಡುಪಿ ಕಡೆಯವರಾ ಎಂದು ಕೇಳಿದಳು. ಹೌದೆಂದ. “ತುಮ್ಚೀಚ್ ವಾಟ್ ಬಘತ್ ಹೋತೋ” ಎಂದಳು. ನಿಮ್ಮ ದಾರಿಯನ್ನೇ ಕಾಯುತ್ತಿದ್ದೆವು ಎಂದ ಹಾಗಾಯಿತಲ್ಲ! ಅಡ್ವಾನ್ಸ್ ಕೂಡ ಕೇಳಲಿಲ್ಲ. ದೇವದಾಸ್ ಹೆಂಡತಿಯ ಕಡೆ ತಿರುಗಿ, ನೋಡಿದೆಯಾ ದೊಡ್ಡ ಹೋಟೆಲಿನ ಮರ್ಯಾದೆ, ಎಂಬಂತೆ ಹುಬ್ಬು ಹಾರಿಸಿದ.

ಅವಳು ತೋರಿಸಿದ ಹಿಂಬದಿಯ ಲಿಫ್ಟಿನಿಂದಲೇ ಮರ್ಯಾದೆ ಇಳಿಯತೊಡಗಿತು. ಆ ಲಿಫ್ಟಿನಲ್ಲಿ ಇವರ ಜೊತೆ ಎರಡು ಚೀಲ ನೀರುಳ್ಳಿಯೂ ಇತ್ತು. ಲಿಫ್ಟು ನಿಂತದ್ದು ಟೆರೇಸಿನಲ್ಲಿ. ನೀರಿನ ಟಾಂಕಿಯ ಪಕ್ಕ ತಗಡಿನ ಮಾಡಿನ ಕೋಣೆ. ಒಳಗೆ ಒಂದರ ಮೇಲೊಂದು ಕಬ್ಬಿಣದ ಮಂಚ, ಬಟ್ಟೆ ತೂಗಲು ಮೊಳೆ, ಹಿಂದಿನ ವರ್ಷದ ಕ್ಯಾಲೆಂಡರು, ಒಂದು ಬಾಲ್ದಿ. ಬಾಗಿಲ ಮುಂದಿನ ಹಗ್ಗದಲ್ಲಿ ಯಾರದ್ದೋ ಲುಂಗಿ ಬಾವುಟದಂತೆ ಹಾರುತ್ತಿತ್ತು.

ಹರಿಣಾಕ್ಷಿ ಹೊಸ್ತಿಲಲ್ಲೇ ಬಾಯಿ ತೆರೆದು ನಿಂತಳು. ದೋಸೆಕಲ್ಲಿನ ಮೇಲೆ ಹುಯ್ದ ಹಿಟ್ಟು ಹಾಗೇ ತಣ್ಣಗಿದ್ದರೆ ಹೇಗೆ ನೋಡುತ್ತೇವೋ ಹಾಗೆ ಕೋಣೆಯನ್ನು ನೋಡಿದಳು. “ಇದೆಂತ ರೂಮು?” ಅಂದಳು.

“ಫ್ಯಾಮಿಲಿ ರೂಮು ಅಂದ್ರೆ ಹೀಗೇ ಇರ್ಬೇಕು ಮಾರಾಯ್ತಿ. ಗಾಳಿ ನೋಡು, ಎ.ಸಿ. ಯಾಕೆ?” ಎಂದ ದೇವದಾಸ್. ಅವನಾದರೂ ಹೋಟೆಲಿನ ರೂಮು ಎಲ್ಲಿ ನೋಡಿದ್ದ? ಮಕ್ಕಳಿಗೆ ಮಾತ್ರ ಸ್ವರ್ಗ ಸಿಕ್ಕಿತ್ತು. ನಾಲ್ಕು ವರ್ಷದ ಮಗಳು ಪ್ರೇಕ್ಷಾ ಮೇಲಿನ ಮಂಚವನ್ನು ರೈಲಿನ ಬರ್ತ್ ಎಂದುಕೊಂಡು ಹತ್ತಿ ಕೂತು, ಮಂಗ್ಳೂರ್ ಕಬ್ ಆಯೇಗಾ, ಯಾವಾಗ ಬರುತ್ತದೆ ಎಂದು ಕೇಳತೊಡಗಿದಳು. ಬಚ್ಚಲು ಎಲ್ಲಿ ಎಂದು ಹುಡುಕಿದರೆ ಅದು ಟಾಂಕಿಯ ಆಚೆ, ಒಳಗಿನಿಂದ ಯಾರೋ ಭಜನೆ ಹಾಡುತ್ತಿದ್ದರು.

ಹರಿಣಾಕ್ಷಿ ಗಂಡನನ್ನು ಕೆಳಗೆ ಅಟ್ಟಿದಳು. ಮೆತ್ತಗೆ ಮಾತಾಡಿದರೆ ಮೇಲೆ ಬರಬೇಡಿ ಎಂದೂ ಹೇಳಿದಳು. ಅವನು ಲಿಫ್ಟಿನಲ್ಲಿ ನೀರುಳ್ಳಿ ಚೀಲಕ್ಕೆ ಎರಡು ಸಲ ಬೈದು ಅಭ್ಯಾಸ ಮಾಡಿಕೊಂಡ. ಆದರೆ ಬಾಯಿ ತೆರೆಯುವ ಮೊದಲೇ ಸೋನಾಲಿ ಒಂದು ಪೊಟ್ಟಣ ಕೈಗಿಟ್ಟು, ಡೈನಿಂಗ್ ಹಾಲಿಗೆ ಹನ್ನೆರಡೂವರೆಗೆ ಇದನ್ನು ಹಾಕಿಕೊಂಡು ಬನ್ನಿ ಅಂದಳು. ಬಿಡಿಸಿದರೆ ಕಪ್ಪು ವೇಸ್ಟ್‌ಕೋಟು, ಕೊರಳಿಗೆ ಚಿಟ್ಟೆಯಂಥ ಕೆಂಪು ಟೈ.

ದೇವದಾಸನಿಗೆ ಒಂದು ಗಳಿಗೆ ತಲೆ ಓಡಲಿಲ್ಲ. ಆಮೇಲೆ ಹೊಳೆಯಿತು. ಊರಿನ ಮಠದಲ್ಲಿ ಊಟಕ್ಕೆ ಕೂರುವಾಗ ಅಂಗಿ ತೆಗೆಯಬೇಕು. ಅಲ್ಲಿನ ನಿಯಮ ಅದು. ಇಲ್ಲಿ ಕೋಟು ಹಾಕಬೇಕು. ಇಲ್ಲಿನ ನಿಯಮ ಇದು. ದೊಡ್ಡ ಜಾಗದಲ್ಲಿ ಮಡಿಯೂ ದೊಡ್ಡದು. ರೂಮಿನ ದೂರು ಬಿಟ್ಟು ಟೈ ಕಟ್ಟಿಕೊಳ್ಳತೊಡಗಿದ.

ಹನ್ನೆರಡೂವರೆಗೆ ಕುಟುಂಬ ಮೇಜಿಗೆ ಕೂತಿತು. ಸುತ್ತಲೂ ಕೋಟು ಹಾಕಿದವರು ಯಾರೂ ಕೂತಿರಲಿಲ್ಲ, ಹಾಕಿದವರೆಲ್ಲ ನಿಂತಿದ್ದರು. ಹರಿಣಾಕ್ಷಿ ಇದನ್ನು ಗಮನಿಸಿದಳು. ಹೇಳಬೇಕೆನ್ನುವಷ್ಟರಲ್ಲಿ ಪಕ್ಕದ ಮೇಜಿನಿಂದ, “ಕ್ಯಾಪ್ಟನ್, ಪಾನೀ” ಎಂಬ ದನಿ ಬಂತು. ದೇವದಾಸನ ಕೈ ಜಗ್ಗಿನ ಕಡೆ ತಾನಾಗಿ ಹಾರಿತು. ಅದನ್ನು ಹಿಡಿದು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತ.

ಆಗ ಹುಟ್ಟುಹಬ್ಬದ ಗುಂಪೊಂದು ಒಳಗೆ ಬಂತು, ಐವತ್ತು ಜನ. ಇದ್ದ ಇಬ್ಬರು ಸಪ್ಲಾಯರುಗಳು ಹೊಸಬರು. ಒಬ್ಬ ಸೂಪನ್ನು ತಪ್ಪು ಮೇಜಿಗೆ ಇಟ್ಟ. ಇನ್ನೊಬ್ಬ ಎಂಟು ಬಟ್ಟಲು ಸಾಂಬಾರಿನ ತಟ್ಟೆ ಹಿಡಿದು ಬರುವಾಗ ಬಲೂನೊಂದು ಕಾಲಿಗೆ ಸಿಕ್ಕಿ ವಾಲಿದ. ತಟ್ಟೆಯ ಕೆಳಗೆ ಒಂದು ಮಗುವಿನ ತಲೆ ಇತ್ತು. ದೇವದಾಸ್ ಯಾವಾಗ ಎದ್ದನೋ ಅವನಿಗೇ ಗೊತ್ತಿಲ್ಲ. ತಟ್ಟೆ ಅವನ ಅಂಗೈ ಮೇಲೆ ನಿಂತಿತ್ತು, ಒಂದು ಹನಿ ಚೆಲ್ಲಿರಲಿಲ್ಲ. ಅಷ್ಟಕ್ಕೇ ಸುಮ್ಮನಿದ್ದನೇ? ಎಂಟು ಬಟ್ಟಲು ಹಂಚಿದ, ಹದಿನೆಂಟು ಜನರ ಆರ್ಡರನ್ನು ಕಾಗದವಿಲ್ಲದೆ ನೆನಪಿಟ್ಟುಕೊಂಡ, ಅಡಿಗೆಮನೆಯ ಕಿಂಡಿಗೆ ಬಗ್ಗಿ ಮಂತ್ರದಂತೆ ಒಪ್ಪಿಸಿದ.

ತಿರುಗಿದರೆ ಹರಿಣಾಕ್ಷಿ ಬ್ಯಾಗು ಹೆಗಲಿಗೇರಿಸಿದ್ದಳು. ವಿಕಾಸ್ ಮೇಜಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಿದ್ದ. ಅವಳು ಬಾಯಿ ತೆರೆಯುವ ಮೊದಲೇ ಬೇರೊಂದು ದನಿ ಬೆನ್ನ ಹಿಂದಿನಿಂದ ಬಂತು.

“ಕಾಮೋಠೆ ಇಷ್ಟು ಹತ್ತಿರ ಬಂತಾ ದೇವದಾಸ?”

ಪುಂಡರೀಕಾಕ್ಷ ರಾಯರು. ಗೆಳೆಯರ ಮೊಮ್ಮಗನ ಹುಟ್ಟುಹಬ್ಬಕ್ಕೆ ಬಂದವರು, ಕೈಯಲ್ಲಿ ಉಡುಗೊರೆಯ ಡಬ್ಬಿ ಹಿಡಿದು ನಿಂತಿದ್ದರು. ಡಬ್ಬಿ ಕೆಳಗೆ ಬಿತ್ತು.

ದೇವದಾಸನ ನಾಲಿಗೆ ಬೆಲ್ಲದ ಪಾಕದಲ್ಲಿ ಬಿದ್ದ ಇರುವೆಯಂತಾಯಿತು. ತಾನು ಇಲ್ಲಿ ಉಳಿಯಲು ಬಂದ ಗಿರಾಕಿ ಎಂದ. ರಾಯರು ಅವನ ಚಿಟ್ಟೆ ಟೈ ನೋಡಿದರು. ರೂಮು ಎಲ್ಲಿ ಎಂದು ಕೇಳಿದರು. ಟೆರೇಸಿನಲ್ಲಿ ಎಂದ. ಗಿರಾಕಿಯನ್ನು ಟೆರೇಸಿನಲ್ಲಿ ಇಡುವ ಹೋಟೆಲು ತಾವು ಕಂಡಿಲ್ಲ ಎಂದರು ರಾಯರು.

“ರಾಯರೇ, ಬನ್ನಿ, ರಿಜಿಸ್ಟರ್ ಉಂಟಲ್ಲ, ನೋಡಿಯೇ ಬಿಡಿ” ಎಂದು ದೇವದಾಸ್ ಅವರನ್ನು ಕೌಂಟರಿಗೆ ಕರೆದೊಯ್ದ. ಹರಿಣಾಕ್ಷಿಯೂ ಮಕ್ಕಳೂ ಹಿಂದೆಯೇ ಬಂದರು.

ರಾಯರು ಕನ್ನಡಕ ಏರಿಸಿ ಓದಿದರು. ಉದ್ಯೋಗ: ಹೋಟೆಲ್ ಕ್ಯಾಪ್ಟನ್. ಬಂದ ಉದ್ದೇಶ: ಹೋಟೆಲ್. ಇಪ್ಪತ್ತು ವರ್ಷ ಬಿಲ್ಲಿನ ಮೇಲೆ ನೋಡಿದ ಅದೇ ಉರುಟು ಅಕ್ಷರ. ಸೋನಾಲಿ ಸಹಾಯಕ್ಕೆಂದು, “ಹೋ, ಹೇ ಆಮ್ಚೇ ನವೀನ್ ಕ್ಯಾಪ್ಟನ್” ಎಂದು, ನಮ್ಮ ಹೊಸ ಕ್ಯಾಪ್ಟನ್ ಇವರೇ ಎಂಬಂತೆ ಕೈ ತೋರಿ ನಕ್ಕಳು.

ಲಿಫ್ಟು, ಲುಂಗಿ, ಕೋಟು, ಎಲ್ಲ ಒಂದೇ ಸಲ ದೇವದಾಸನ ತಲೆಗೆ ಬಡಿದವು. ಅವನು ಕೌಂಟರಿನ ಕಲ್ಲು ಹಿಡಿದುಕೊಂಡ.

ರಾಯರು ರಿಜಿಸ್ಟರನ್ನು ಮುಚ್ಚಿದರು. ಮಾತಾಡಿದಾಗ ದನಿ ಒಡೆದಿತ್ತು. “ಫ್ಯಾಮಿಲಿಗೆ ರೂಮು ಕೊಡ್ತಾರೆ ಅಂತ ಬಂದ್ಯಾ? ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ ಮಾರಾಯಾ. ನಮ್ಮ ಅಡಿಗೆಮನೆ ಮೇಲಿನ ಕೋಣೆ ಉಂಟು. ಮಂಚ ನಾನೂ ಹಾಕಿಸ್ತೇನೆ, ಒಂದರ ಮೇಲೊಂದು. ನಾಳೆಯಿಂದ ಸಂಸಾರ ಸಮೇತ ಅಲ್ಲೇ ಇರು. ಇಲ್ಲದಿದ್ರೆ ಇಲ್ಲೇ ಇರು, ನನ್ನ ಹೋಟೆಲಿನ ಮೆಟ್ಟಿಲು ಹತ್ತಬೇಡ.”

ಇಷ್ಟು ಹೇಳಿ ಅಲ್ಲಿಂದಲೇ ಮೊಬೈಲು ತೆಗೆದು, ಮೇಲಿನ ಕೋಣೆಯ ಅಕ್ಕಿ ಮೂಟೆಗಳನ್ನು ಈಗಲೇ ಇಳಿಸಿ ಎಂದು ಹೋಟೆಲಿಗೆ ಹೇಳಿ, ಕಣ್ಣೊರೆಸಿಕೊಂಡು ಕೇಕಿನ ಕಡೆ ನಡೆದರು.

ಇಲ್ಲೇ ಕ್ಯಾಪ್ಟನ್ ಆಗಿ ಇದ್ದುಬಿಡಬಹುದಿತ್ತೇನೋ. ಆದರೆ ಆಗಲೇ ಮುಂಬದಿಯ ಲಿಫ್ಟು ತೆರೆದು, ಇಸ್ತ್ರಿ ಮಾಡಿದ ಪ್ಯಾಂಟಿನ ಒಬ್ಬ ಮನುಷ್ಯ ಹೆಂಡತಿ ಮಕ್ಕಳ ಸಮೇತ ಇಳಿದ. ತನ್ನ ಹೆಸರು ಮುಂಡಪ್ಪ, ಬೆಳಿಗ್ಗೆ ಉಡುಪಿಯಿಂದ ಬಂದದ್ದು ಎಂದ. ಇನ್ನೂರ ನಾಲ್ಕನೇ ನಂಬರಿನ ಎ.ಸಿ. ಕೋಣೆಯಲ್ಲಿ ಕೂತು, ಬುಟ್ಟಿಯ ಹಣ್ಣೆಲ್ಲ ತಿಂದು, ಟಿ.ವಿ. ನೋಡಿ ಸಾಕಾಯಿತು, ಕ್ಯಾಪ್ಟನ್ ಕೆಲಸಕ್ಕೆ ಸೇರಲು ಬಂದವನನ್ನು ಇಷ್ಟು ಚೆನ್ನಾಗಿ ನೋಡುವ ಹೋಟೆಲನ್ನು ತಾನು ಕಂಡಿಲ್ಲ, ಇನ್ನಾದರೂ ಡ್ಯೂಟಿ ಕೊಡಿ ಎಂದು ಕೈಮುಗಿದ.

ಸೋನಾಲಿಯ ಮುಖ ಅಕ್ಕಿಹಿಟ್ಟಿನಂತಾಯಿತು. ಹರಿಣಾಕ್ಷಿ ಬ್ಯಾಗನ್ನು ನಿಧಾನವಾಗಿ ನೆಲಕ್ಕಿಟ್ಟು ಅದರ ಮೇಲೆಯೇ ಕೂತಳು. ಅವಳಿಗೆ ಬೈಯಲು ಯಾರಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ.

ದೇವದಾಸ್ ಟೈ ಬಿಚ್ಚಿ ಮುಂಡಪ್ಪನ ಕೊರಳಿಗೆ ಕಟ್ಟಿದ. ಆಮೇಲೆ ಮಗನ ಮುಖ ನೋಡಲು ಧೈರ್ಯ ಮಾಡಿದ.

ವಿಕಾಸನ ಮುಖ ಪೂರ್ಣಿಮೆಯ ಚಂದ್ರನ ಹಾಗಿತ್ತು. ರಾಯರ ‘ನಾಳೆಯಿಂದ ಸಂಸಾರ ಸಮೇತ’ ಎಂಬ ಮಾತನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದ ಅವನು ಚೀಲದಿಂದ ಪುಸ್ತಕ ತೆಗೆದು, ಕೌಂಟರಿನ ಪೆನ್ನನ್ನೇ ಎತ್ತಿಕೊಂಡು, ಜೋರಾಗಿ ಹೇಳಿಕೊಳ್ಳುತ್ತ ಮೊದಲ ಸಾಲು ಬರೆದ.

“ಮೇರೇ ಪಪ್ಪಾ ಹೋಟೆಲ್ ಮೇ ಹೀ ರಹತೇ ಹೈ. ಕಲ್ ಸೇ ಹಮ್ ಸಬ್.”