ತುದೋಸೆಯ ಕಾರು ತಳ್ಳಿದ್ದು

ತುದೋಸೆಯ ಹಳೆಯ ಕಾರಿನ ಎಂಜಿನ್ನಿನೊಳಗೆ ವಾಲ್ವುಗಳ ಸಂದು ಒಂದು ಕೂದಲೆಳೆಯಷ್ಟು ಕಡಿಮೆಯಾಗಿತ್ತು. ಅಷ್ಟಕ್ಕೇ ಅದು ಕಳೆದ ಭಾನುವಾರ ಆಸ್ಪತ್ರೆಯ ಗುಡ್ಡ ಹತ್ತಲಾರದೆ, ಮುನಿಸಿಕೊಂಡ ಎಮ್ಮೆಯಂತೆ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತ್ತು. ಗುಡ್ಡದ ಮೇಲೆ, ಎದೆರೋಗದ ವಾರ್ಡಿನ ಕಿಟಕಿಯ ಬಳಿ, ಅವನ ಹೆಂಡತಿ ವೆತೂರಿಯಾ ಕತ್ತಲಾಗುವವರೆಗೂ ಕಾದಿದ್ದಳಂತೆ. ನರ್ಸ್ ಹಾಲಿನವನ ಕೈಲಿ ಹೇಳಿ ಕಳಿಸಿದ್ದಳು. ಭಾನುವಾರ ಬಿಟ್ಟು ಬೇರೆ ದಿನ ರೋಗಿಗಳನ್ನು ನೋಡಲು ಬಿಡುವುದಿಲ್ಲ, ಭಾನುವಾರವೇ ಬಸ್ಸಿಲ್ಲ. ನರ್ಸಿನ ಮಾತು ಕೇಳಿದಾಗಿನಿಂದ ತುದೋಸೆ ಸರಿಯಾಗಿ ಊಟ ಮಾಡಿರಲಿಲ್ಲ.

ಈ ಭಾನುವಾರ ಬೆಳಗ್ಗೆಯೇ ಅವನು ಬಾನೆಟ್ ಎತ್ತಿ, ಎಂಜಿನ್ನಿನ ಮುಚ್ಚಳ ಬಿಚ್ಚಿ, ಸಂದು ಅಳೆಯುವ ತೆಳ್ಳನೆಯ ಉಕ್ಕಿನ ಪಟ್ಟಿ ಹಿಡಿದು ನಿಂತ. ಬಟನ್ ಕಾರ್ಖಾನೆಯಲ್ಲಿ ಬಟನ್ ಎಣಿಸುವವನಿಗೆ ಇದು ಬರುವ ಕೆಲಸವಲ್ಲ. ಒಂದೊಂದು ವಾಲ್ವಿನ ಸರದಿಗೂ ಎಂಜಿನ್ನನ್ನು ಒಂದಿಷ್ಟು ತಿರುಗಿಸಬೇಕು. ತಿರುಗಿಸುವ ಹ್ಯಾಂಡಲ್ಲನ್ನು ಯಾರೋ ಪುಣ್ಯಾತ್ಮರು ಒಯ್ದು ವಾಪಸು ಕೊಟ್ಟಿರಲಿಲ್ಲ. ಉಳಿದದ್ದು ಬಡವರ ಉಪಾಯ: ಕಾರನ್ನು ಟಾಪ್ ಗೇರಿಗೆ ಹಾಕಿ ಹಿಂದಿನಿಂದ ಗೇಣಷ್ಟು ತಳ್ಳುವುದು. ಚಕ್ರ ಉರುಳಿದರೆ ಎಂಜಿನ್ನೂ ತಿರುಗುತ್ತದೆ.

“ಗವ್ರಿಲಣ್ಣ, ಸ್ವಲ್ಪ ತಳ್ತೀಯಾ?” ಎಂದು ಎದುರು ಮನೆಗೆ ಕೂಗಿದ.

ಗವ್ರಿಲ ‘ಕೆಲಸಕ್ಕೆ ಕರೀಬೇಡ, ಊಟಕ್ಕೆ ಮರೀಬೇಡ’ ಎನ್ನುವ ಪೈಕಿ. ಇವತ್ತು ಮಾತು ಮುಗಿಯುವ ಮೊದಲೇ ಬಂದ. ಹಿಂದೆಯೇ ಬೀದಿಯ ಗಂಡಸರೆಲ್ಲ ಬಂದರು. ಪಕ್ಕದ ಮನೆಯ ಆಗ್ಲಾಯಾ, ಎಂಜಲ ಕೈಯಲ್ಲಿ ಕಾಗೆ ಓಡಿಸದ ಹೆಂಗಸು, ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಬಿಸಿ ಸರ್ಮಾಲೆಯನ್ನು ತಟ್ಟೆ ತುಂಬ ಹಿಡಿದು ಬಂದಳು.

“ತಿನ್ನಪ್ಪ ಮೊದ್ಲು. ಹೊಟ್ಟೆಗೇನಾದ್ರೂ ಹಾಕ್ಕೊ.”

“ಏನಕ್ಕ, ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ? ಬೇಡ, ಆಮೇಲೆ ತಿಂತೀನಿ.”

ಆಗ್ಲಾಯಾ ತಟ್ಟೆಯನ್ನು ಪಕ್ಕಕ್ಕಿಟ್ಟು, ಕಾರಿನೊಳಗೆ ಹೋಗಿ ಸ್ಟಿಯರಿಂಗ್ ಹಿಡಿದು ಕೂತಳು. ಅವಳು ಹುಟ್ಟಿದ ಮೇಲೆ ತಿರುಗಿಸಿದ್ದು ಮಾಂಸ ಅರೆಯುವ ಯಂತ್ರವೊಂದನ್ನೇ.

“ಗೇಣಷ್ಟೇ ತಳ್ಳಿ!” ಎಂದ ತುದೋಸೆ. ಅವರು ತಳ್ಳಿದ ರಭಸಕ್ಕೆ ಕಾರು ಆಗ್ಲಾಯಾಳ ಗೇಟು ದಾಟಿತು. ವಾಲ್ವಿನ ಸರದಿ ತಪ್ಪಿತು.

“ಮದ್ವೆ ದಿಬ್ಬಣ ಹೊರಡಿಸಿದ ಹಾಗೆ ತಳ್ತೀರಲ್ರೋ! ಗೇಣು ಅಂದ್ರೆ ಗೇಣು!”

“ನಿನ್ನ ಗೇಣು ಸಣ್ಣದು ಕಣೋ ತಮ್ಮಾ,” ಎಂದ ಗವ್ರಿಲ.

“ಹಾಗಾದ್ರೆ ಹಿಂದಕ್ಕೆ ಎಳೀರಿ.”

“ಹಿಂದಕ್ಕೆ ತಿರುಗಿಸಿದ್ರೆ ಎಂಜಿನ್ನಿನ ಚೈನು ಸಡಿಲ ಆಗುತ್ತೆ. ಮುಂದಕ್ಕೇ ಹೋಗ್ಬೇಕು,” ಎಂದ ಗವ್ರಿಲ.

ಹೀಗೆ ಒಂದು ವಾಲ್ವ್ ಸಿಕ್ಕಿದರೆ ಎರಡು ತಪ್ಪುತ್ತಿತ್ತು. ತುದೋಸೆ ಬಾಯಲ್ಲಿ ಸ್ಪ್ಯಾನರ್ ಕಚ್ಚಿಕೊಂಡು ಏಡಿಯಂತೆ ಪಕ್ಕಕ್ಕೆ ನಡೆಯುತ್ತಿದ್ದ. ಕಾರು ಬಾವಿ ದಾಟಿತು. ಆಗ್ಲಾಯಾ ಸ್ಟಿಯರಿಂಗನ್ನು ಎತ್ತಲೋ ತಿರುಗಿಸಿ ಯೊರ್ದಾಕೆ ಮುದುಕನ ಬೇಲಿ ಮುರಿದಳು. ಈ ಯೊರ್ದಾಕೆ ಒಂದು ಪ್ಲಮ್ ಹಣ್ಣಿಗಾಗಿ ಕೋರ್ಟಿಗೆ ಹೋದವನು. ಇನ್ನು ಸಂಜೆಯವರೆಗೂ ಜಗಳವೇ ಎಂದು ತುದೋಸೆ ಕಣ್ಣು ಮುಚ್ಚಿಕೊಂಡ.

“ಹೋಗ್ಲಿ ಬಿಡಪ್ಪ, ಹಳೇ ಬೇಲಿ,” ಎಂದು ಮುದುಕ ತಾನೂ ತಳ್ಳಲು ಸೇರಿಕೊಂಡ.

ತುದೋಸೆಗೆ ಅಳುವೇ ಬಂತು. “ನಾಲ್ಕಕ್ಕೆ ಬಾಗಿಲು ಹಾಕ್ತಾರೆ ಕಣ್ರಪ್ಪಾ. ಹೋದ ವಾರಾನೂ ಹೋಗ್ಲಿಲ್ಲ. ಬರಲ್ಲ ಇವ್ನು, ಮರೆತುಬಿಟ್ಟ ಅಂದ್ಕೊಂಡಿರ್ತಾಳೆ. ದಯವಿಟ್ಟು ಸರಿಯಾಗಿ ತಳ್ರೋ.”

ಯಾರೂ ಅವನ ಮುಖ ನೋಡಲಿಲ್ಲ. “ತಳ್ರಪ್ಪ,” ಎಂದು ಗವ್ರಿಲ ತಲೆ ತಗ್ಗಿಸಿಕೊಂಡೇ ಹೇಳಿದ.

ಇನ್ನು ಒಂದೇ ವಾಲ್ವ್ ಉಳಿದಾಗ ಕಾರು ಬೀದಿಯ ಕೊನೆ ಮುಟ್ಟಿತ್ತು. ಅಲ್ಲಿದ್ದದ್ದು ವೆತೂರಿಯಾಳ ತಂಗಿ ಜೆನೋವಿಯಾಳ ಮನೆ. ಗೇಟು ತೆರೆದು ಅವಳು ಹೊರಗೆ ಬಂದಳು. ತಲೆಗೆ ಕಪ್ಪು ವಸ್ತ್ರ ಕಟ್ಟಿದ್ದಳು.

“ಭಾವ, ಕೈ ತೊಳ್ಕೊಂಡು ಒಳಗೆ ಬಾ.”

“ಈಗಲ್ಲಮ್ಮ, ಇನ್ನೊಂದೇ ಬಾಕಿ. ನಿಮ್ಮಕ್ಕ ಕಾಯ್ತಿರ್ತಾಳೆ.” ಅವನು ಹಿಂದಕ್ಕೆ ತಿರುಗಿದ. “ಹ್ಞೂ, ತಳ್ಳಿ!”

ಯಾರೂ ತಳ್ಳಲಿಲ್ಲ. ಗಂಡಸರೆಲ್ಲ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಆಗ್ಲಾಯಾ ಸ್ಟಿಯರಿಂಗಿನ ಮೇಲೆ ಮುಖ ಇಟ್ಟು ಬಿಕ್ಕುತ್ತಿದ್ದಳು.

“ಬೆಳಗಿನ ಜಾವ ಹೋಗ್ಬಿಟ್ಲು ಭಾವ,” ಎಂದಳು ಜೆನೋವಿಯಾ. “ಆಗ್ಲಾಯಕ್ಕನ ಮನೆಗೆ ಆಸ್ಪತ್ರೆಯಿಂದ ಫೋನ್ ಬಂತು. ನಾನೇ ಬಂದು ಹೇಳ್ಬೇಕಿತ್ತು, ಕಾಲು ಏಳ್ಲಿಲ್ಲ.”

ತುದೋಸೆ ಒಬ್ಬೊಬ್ಬರ ಮುಖವನ್ನೂ ನೋಡಿದ. “ನಿಮಗೆಲ್ಲ ಗೊತ್ತಿತ್ತಾ?”

“ಇಂಥ ಮಾತು ಮನೆಯವ್ರೇ ಹೇಳ್ಬೇಕು ತಮ್ಮಾ,” ಎಂದ ಗವ್ರಿಲ. “ನಮಗೆ ಬಾಯಿ ಬರ್ಲಿಲ್ಲ. ತಳ್ಳೋದೊಂದೇ ಬಂತು.”

ತುದೋಸೆ ಬಂಪರಿನ ಮೇಲೆ ಕುಸಿದು ಕೂತು ಮಗುವಿನಂತೆ ಅತ್ತ. ಅವನ ಬೆನ್ನ ಮೇಲೆ ಯೊರ್ದಾಕೆ ಕೈ ಇಟ್ಟ. ಬಹಳ ಹೊತ್ತಾದ ಮೇಲೆ ತುದೋಸೆ ಎದ್ದು, ಎಣ್ಣೆಗೈಯಲ್ಲೇ ಕಣ್ಣು ಒರೆಸಿಕೊಂಡು, ಉಕ್ಕಿನ ಪಟ್ಟಿಯನ್ನು ಎತ್ತಿಕೊಂಡ.

“ಅವಳನ್ನ ಮನೆಗೆ ಕರ್ಕೊಂಡು ಬರ್ಬೇಕಲ್ಲ,” ಎಂದ. “ಕೊನೇದೊಂದು ಉಳಿದಿದೆ. ಗೇಣಷ್ಟು ತಳ್ಳಿ.”

ಅವರು ಗೇಣಷ್ಟೇ ತಳ್ಳಿದರು.