ಪಕ್ಕದ ಮನೆಗೂ ಕೇಳುವ ಕಾರ್ಡ್‌ಲೆಸ್ಸು

ತಂತಿ ಇರುವ ಯಂತ್ರ ಕೆಟ್ಟರೆ ತಂತಿ ಹಿಡಿದುಕೊಂಡು ಹೋಗಿ ಕೆಟ್ಟ ಜಾಗ ಮುಟ್ಟಬಹುದು. ತಂತಿ ಇಲ್ಲದ ಯಂತ್ರ ಕೆಟ್ಟರೆ ಯಾರ ಮನೆಗೆ ಹೋಗಿ ಮುಟ್ಟುತ್ತೇವೋ ಹೇಳಲಾಗದು. ತೊಂಬತ್ತರ ದಶಕದ ಕೊನೆಯಲ್ಲಿ ಪಾಂಡವಪುರದಲ್ಲಿ ರೇಡಿಯೊ, ಟೀವಿ ರಿಪೇರಿ ಅಂಗಡಿ ಇಟ್ಟಿದ್ದ ನನಗೆ ಇಂಥದ್ದು ವಾರಕ್ಕೊಂದಾದರೂ ತಪ್ಪುತ್ತಿರಲಿಲ್ಲ. ಆಗ ನಮ್ಮ ಕಡೆ ಕಾರ್ಡ್‌ಲೆಸ್ ಫೋನು ಹೊಸದು. ಗೋಡೆಯ ಪಕ್ಕ ಒಂದು ಪೆಟ್ಟಿಗೆ, ಕೈಯಲ್ಲೊಂದು ರಿಸೀವರು, ನಡುವೆ ಏನೂ ಇಲ್ಲ. ತೊಂದರೆಯೆಲ್ಲ ಆ ಏನೂ ಇಲ್ಲದ ಜಾಗದಲ್ಲೇ ಇರುತ್ತಿತ್ತು. ಒಂದು ವಾರವಂತೂ ಒಬ್ಬ ಹುಡುಗಿಯ ಮದುವೆಯೇ ನನ್ನ ಸ್ಕ್ರೂಡ್ರೈವರಿನ ತುದಿಗೆ ಬಂದು ನಿಂತಿತ್ತು.

೧. ಪೇಟೆಯಲ್ಲಿ ಕೆಲಸ ಮಾಡದ ಫೋನು

ಆ ವಾರ ಶುರುವಾದದ್ದು ಬೂಕನಕೆರೆಯಲ್ಲಿ. ಕಬ್ಬು ಬೆಳೆಯುವ ಯಜಮಾನರೊಬ್ಬರು ಫೋನು ಕೆಟ್ಟಿದೆಯೆಂದು ಹೇಳಿಕಳಿಸಿದ್ದರು. ನಾನು ಹೋಗಿ ಪಡಸಾಲೆಯಲ್ಲಿ ನೋಡಿದೆ, ಸರಿಯಿತ್ತು. ಹಿತ್ತಲಿನಲ್ಲಿ, ಕೊಟ್ಟಿಗೆಯಲ್ಲಿ ನೋಡಿದೆ, ಅಲ್ಲೂ ಸರಿಯಿತ್ತು.

"ಇಲ್ಲೆಲ್ಲ ಸರಿಯಾಗೇ ಐತೆ ಕಣಪ್ಪ. ಕೆ.ಆರ್.ಪೇಟೆಗೆ ಓದ್ರೆ ಒಂದು ಮಾತೂ ಬರಕಿಲ್ಲ" ಎಂದರು.

ರಿಸೀವರನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದ್ದರು. ಬೆಲ್ಲದ ಮಂಡಿಯಲ್ಲಿ ನಾಲ್ಕು ಜನರ ಮುಂದೆ ಅದನ್ನು ತೆಗೆದು ಮನೆಯವರ ಜೊತೆ ಮಾತಾಡಲು ಹೋಗಿ ಅವಮಾನವೂ ಆಗಿತ್ತು. ಪೆಟ್ಟಿಗೆ ಮನೆಯಲ್ಲೇ ಇದೆಯಲ್ಲ, ಅದರಿಂದ ದೂರ ಹೋದರೆ ಕೇಳುವುದಿಲ್ಲ ಎಂದು ಬಿಡಿಸಿ ಹೇಳಿದೆ. ಯಜಮಾನರು ಗಂಭೀರವಾಗಿ ತಲೆದೂಗಿದರು.

"ಅಂಗಾರೆ ತಪ್ಪು ನಂದೇಯ. ಮುಂದಿನ ಸಲ ಪೆಟ್ಟಿಗೇನೂ ತಕೊಂಡೋಯ್ತೀನಿ ಬುಡು."

೨. ಪರೀಕ್ಷೆಗೆ ಹೇಳಿದ ಸುಳ್ಳು

ಬೂಕನಕೆರೆಯಿಂದ ವಾಪಸು ಬಂದರೆ ಅಂಗಡಿಯಲ್ಲಿ ಗಂಜಾಮಿನ ಹೈಸ್ಕೂಲು ಮೇಷ್ಟ್ರೊಬ್ಬರು ಕಾಯುತ್ತಿದ್ದರು. ಮಗಳಿಗೆ ನಾಗಮಂಗಲದ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು. ಭಾನುವಾರ ಬೆಳಿಗ್ಗೆ ಹುಡುಗನ ದೊಡ್ಡಪ್ಪ ಫೋನು ಮಾಡಿ ಕೊನೆಯ ಮಾತು ಹೇಳುವವರಿದ್ದರು. ಅಲ್ಲಿಯ ತನಕ ವಿಷಯ ಊರಿಗೆ ತಿಳಿಯಬಾರದು. ಹಿಂದೆ ಎರಡು ಸಂಬಂಧ ಹೀಗೇ ಊರಿಗೆ ತಿಳಿದು, ಯಾರೋ ಗಂಡಿನ ಮನೆಗೆ ಮೂಗರ್ಜಿ ಬರೆದು, ತಪ್ಪಿಹೋಗಿದ್ದವು. ಈಗ ನೋಡಿದರೆ ಮೇಷ್ಟ್ರು ಫೋನಿನಲ್ಲಿ ಆಡಿದ್ದೆಲ್ಲ ಬೀದಿಯವರಿಗೆ ಗೊತ್ತಾಗುತ್ತಿತ್ತು. ಪಕ್ಕದ ಮನೆಯಲ್ಲೂ ಅದೇ ತರಹದ ಕಾರ್ಡ್‌ಲೆಸ್ ಇದೆ ಎಂದು ಅವರು ನನ್ನ ಅಂಗಡಿಯಲ್ಲೂ ಪಿಸುಗುಟ್ಟಿಯೇ ಹೇಳಿದರು.

ಅನುಮಾನದ ಮೇಲೆ ರಿಪೇರಿ ಮಾಡುವುದು ನನ್ನ ಪದ್ಧತಿಯಲ್ಲ. ಮರುದಿನ ಗಂಜಾಮಿಗೆ ಹೋಗಿ, ಮೂಲೆಯ ಎಸ್.ಟಿ.ಡಿ. ಬೂತಿನಿಂದ ಅವರ ಮನೆಗೆ ಫೋನು ಮಾಡಿದೆ. ಪಕ್ಕದ ಮನೆಗೆ ಕೇಳುತ್ತದೋ ನೋಡೋಣ, ಏನಾದರೂ ಒಂದು ಸುಳ್ಳು ಹೇಳಿ ಎಂದು ಮೊದಲೇ ತಿಳಿಸಿದ್ದೆ. ಮೇಷ್ಟ್ರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಬಹಳ ಹೊತ್ತು ಯೋಚಿಸಿ, "ಇವತ್ತು ನಮ್ಮನೇಲಿ ಮಾವಿನಕಾಯಿ ಚಿತ್ರಾನ್ನ" ಎಂದರು.

ನಾನು ಬೂತಿನಿಂದ ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿದ್ದರು. ಗಂಡ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ನೌಕರ, ಹಗಲೆಲ್ಲ ಮನೆಯಲ್ಲಿ ಈಕೆಯೊಬ್ಬರೇ. ಕೈಯಲ್ಲಿ ಒಂದು ಬಟ್ಟಲಿತ್ತು. ಈ ಕಡೆ ಬಂದಿದ್ದೆ, ಏನಾದರೂ ಚಿತ್ರಾನ್ನ ಗಿತ್ರಾನ್ನ ಮಾಡಿದ್ದೀರಾ ಎಂದು ವಿಚಾರಿಸಿದರು.

ಪರೀಕ್ಷೆ ಯಶಸ್ವಿಯಾಯಿತು. ಮೇಷ್ಟ್ರ ಹೆಂಡತಿ ಒಳಗೆ ಹೋಗಿ ಮಾವಿನಕಾಯಿ ತುರಿಯತೊಡಗಿದರು.

೩. ಒಂದು ನ್ಯಾಯವಾದ ದೂರು

ಎರಡೂ ಫೋನು ಒಂದೇ ಚಾನೆಲ್ಲಿನಲ್ಲಿದ್ದವು. ರಿಸೀವರಿನ ಬದಿಯಲ್ಲಿ ಒಂದು ಗುಂಡಿ, ಅದನ್ನು ಒತ್ತಿದರೆ ಚಾನೆಲ್ ಬದಲಾಗುತ್ತದೆ, ಒಟ್ಟು ಹತ್ತು. ಮೇಷ್ಟ್ರ ಫೋನನ್ನು ಏಳಕ್ಕೆ ಹಾಕಿ, ಇನ್ನು ನಿಶ್ಚಿಂತೆಯಿಂದ ಇರಿ ಎಂದು ಹೇಳಿ ಬಂದೆ.

ಎರಡು ದಿನಕ್ಕೆ ಪಕ್ಕದ ಮನೆಯಾಕೆ ಬಸ್ಸು ಹತ್ತಿ ಪಾಂಡವಪುರಕ್ಕೇ ಬಂದರು. ಬ್ಯಾಗಿನಿಂದ ರಿಸೀವರು ತೆಗೆದು ನನ್ನ ಮೇಜಿನ ಮೇಲಿಟ್ಟು, ನಾನು ಬಂದುಹೋದಾಗಿನಿಂದ ಫೋನು ಕೆಟ್ಟಿದೆ ಎಂದರು.

"ನಿಮಗೆ ಬರೋ ಫೋನು ಬರ್ತಿಲ್ವಾ?"

"ನಮಗೆ ಬರೋವೆಲ್ಲ ಬತ್ತಾವೆ. ಅವರಿಗೆ ಬರೋವು ಬತ್ತಿಲ್ಲ."

ಅದು ಹಾಗೇ ಇರಬೇಕಾದದ್ದು ಎಂದೆ. ಆಕೆಗೆ ಸಮಾಧಾನವಾಗಲಿಲ್ಲ.

"ನಾಗಮಂಗ್ಲದೋರು ಒಪ್ಪುದ್ರಾ ಇಲ್ವಾ ಅಂತ ಬೀದಿಯೋರೆಲ್ಲ ನನ್ನ ಕೇಳ್ತಾವ್ರೆ. ನಾನು ಯಾವ ಮೊಕ ಇಟ್ಕೊಂಡು ಗೊತ್ತಿಲ್ಲ ಅನ್ಲಿ?"

ಮೇಷ್ಟ್ರ ಮಗಳನ್ನು ಎತ್ತಿ ಆಡಿಸಿದವಳು ನಾನು, ನನಗೇ ಮುಚ್ಚಿಡುತ್ತಾರಲ್ಲ ಎಂದು ಕಣ್ಣನ್ನೂ ಒರೆಸಿಕೊಂಡರು. ನನ್ನಿಂದೇನೂ ಆಗದು ಎಂದು ಖಡಾಖಂಡಿತವಾಗಿ ಹೇಳಿದೆ. ಹೊರಡುವಾಗ ಆಕೆ ರಿಸೀವರಿನ ಬದಿ ತೋರಿಸಿ, ಈ ಗುಂಡಿ ಯಾತಕ್ಕೆ ಎಂದು ಕೇಳಿದರು. ಯಂತ್ರದ ಬಗ್ಗೆ ಯಾರು ಏನು ಕೇಳಿದರೂ ಸರಿಯಾದ ಉತ್ತರ ಕೊಡುವುದು ನನ್ನ ದೌರ್ಬಲ್ಯ. ಕೊಟ್ಟೆ.

೪. ಭಾನುವಾರದ ಫೋನು

ಭಾನುವಾರ ನಾನು ಎದುರಿಗೇ ಇರಬೇಕೆಂದು ಮೇಷ್ಟ್ರು ಕರೆಸಿಕೊಂಡಿದ್ದರು. ಹತ್ತು ಗಂಟೆಗೆ ಸರಿಯಾಗಿ ಫೋನು ಬಂತು. ಮೇಷ್ಟ್ರು ಎದ್ದು ನಿಂತು ಮಾತಾಡಿದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ, ಮಗಳು ಆಕೆಯ ಬೆನ್ನ ಹಿಂದೆ. ಗಂಡಿನ ದೊಡ್ಡಪ್ಪ ನೇರ ಮನುಷ್ಯ. ನಾವು ಒಪ್ಪಿದ್ದೇವೆ, ಒಂದೇ ಒಂದು ಕೇಳಬೇಕು, ಹುಡುಗಿಯಲ್ಲಿ ಐಬು ಏನಾದರೂ ಇದ್ದರೆ ಈಗಲೇ ಹೇಳಿಬಿಡಿ ಎಂದರಂತೆ. ಮೇಷ್ಟ್ರು "ಐಬು ಅಂದರೆ..." ಎಂದು ತಡವರಿಸಿದರು. ಅಷ್ಟರಲ್ಲಿ ರಿಸೀವರು ಎರಡು ಸಲ ಕುಂಯ್‌ಗುಟ್ಟಿ ಸುಮ್ಮನಾಯಿತು.

ಬ್ಯಾಟರಿ ಮುಗಿದಿತ್ತು. ಪಕ್ಕದ ಮನೆಗೆ ಕೇಳದಿರಲೆಂದು ಮೇಷ್ಟ್ರು ಮೂರು ದಿನದಿಂದ ರಿಸೀವರನ್ನು ಚಾರ್ಜಿಗೆ ಇಡದೆ ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ನಾನು ಪೆಟ್ಟಿಗೆ ನೋಡಿದೆ. ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅಂದರೆ ಲೈನು ಕಟ್ಟಾಗಿಲ್ಲ, ಬೇರೆ ಯಾರೋ ಹಿಡಿದಿದ್ದಾರೆ. ಹತ್ತು ಚಾನೆಲ್ಲನ್ನೂ ಒಂದೊಂದಾಗಿ ಒತ್ತಿ ನೋಡುವಷ್ಟು ಬಿಡುವು ಆ ಬೀದಿಯಲ್ಲಿ ಒಬ್ಬರಿಗೆ ಮಾತ್ರ ಇತ್ತು.

ಇಬ್ಬರೂ ಓಡಿದೆವು. ಪಕ್ಕದ ಮನೆಯ ಜಗಲಿಯ ಮೇಲೆ ಆಕೆ ರಿಸೀವರು ಹಿಡಿದು ಕೂತಿದ್ದರು.

"...ನಾನು ಪಕ್ಕದ ಮನೆಯೋಳು, ನಂಗೊತ್ತಿಲ್ವಾ. ಐಬು ಇಲ್ದೆ ಏನು. ಮುದ್ದೆ ತಿರುವುದ್ರೆ ಗಂಟು ಬತ್ತದೆ. ಕ್ವಾಪ ಮೂಗಿನ ತುದೀಲೇ, ಆದ್ರೆ ಒಂದು ಗಳಿಗೆಗೆ ಇಳೀತದೆ. ಓದೋಕೆ ಕೂತ್ರೆ ಹಾಲು ಉಕ್ಕಿದ್ದೂ ಗೊತ್ತಾಗಕಿಲ್ಲ. ಆದ್ರೆ ನಂಗೆ ಜ್ವರ ಬಂದಾಗ ಎಂಟು ದಿನ ಗಂಜಿ ಕುಡಿಸ್ದೋಳು ಅವಳೇಯ."

ಮೇಷ್ಟ್ರು ರಿಸೀವರಿಗೆ ಕೈ ಚಾಚಿದರು. ಆಕೆ ಅಂಗೈಯಿಂದ ಫೋನು ಮುಚ್ಚಿ, "ಸುಮ್ಕಿರಿ ಮೇಷ್ಟ್ರೇ, ಮುಖ್ಯವಾದ ಮಾತು ನಡೀತಾ ಐತೆ" ಎಂದರು.

ಆ ಕಡೆಯ ಗಟ್ಟಿ ದನಿ ನಮಗೂ ಕೇಳಿಸಿತು. "ಒಂದೂ ಐಬಿಲ್ಲ ಅನ್ನೋರ ಮನೆ ನಾಕು ನೋಡ್ಕಂಡು ವಾಪಸ್ ಬಂದಿವ್ನಿ ಕಣವ್ವ. ನಿಮ್ಮ ಮಾತು ನಂಬಬೌದು. ಬುಧವಾರ ಎಲೆ ಅಡಿಕೆ ತಕೊಂಡು ಬತ್ತೀವಿ."

ಆಕೆ ಮೇಷ್ಟ್ರ ಕಡೆ ತಿರುಗಿ, ಬುಧವಾರ ಆಗ್ತದಾ ಎಂದು ಕೇಳಿದರು. ಮೇಷ್ಟ್ರು ತಲೆಯಾಡಿಸಿದರು. "ಆಯ್ತದಂತೆ, ಬನ್ನಿ" ಎಂದು ಆಕೆಯೇ ಫೋನು ಇಟ್ಟರು.

ಮೇಷ್ಟ್ರು ಸಂತೋಷಕ್ಕೆ ಆ ಜಗಲಿಯ ಮೇಲೆಯೇ ಕೂತುಬಿಟ್ಟರು. ನನಗೆ ಮಾತ್ರ ನಾಚಿಕೆ, ಮಾಡಿದ ರಿಪೇರಿ ನಾಲ್ಕು ದಿನವೂ ಬಾಳಿರಲಿಲ್ಲ. ಅವರನ್ನು ಮನೆಗೆ ಕರೆದುಕೊಂಡು ಹೋಗಿ, ಈ ಸಲ ಪೆಟ್ಟಿಗೆಯನ್ನೇ ಬಿಚ್ಚಿ ಯಾರಿಗೂ ಸಿಗದ ಹಾಗೆ ಮಾಡಿಕೊಡುತ್ತೇನೆ ಎಂದು ಸ್ಕ್ರೂಡ್ರೈವರು ತೆಗೆದೆ. ಮೇಷ್ಟ್ರು ನನ್ನ ಕೈ ಹಿಡಿದು, ಮತ್ತೆ ಪಿಸುಗುಟ್ಟಿದರು.

"ಹಾಗೇ ಇರಲಿ ಬಿಡಪ್ಪ. ಛತ್ರ ಯಾವುದು, ಎಷ್ಟು ಜನ ಬರ್ತಾರೆ, ವರೋಪಚಾರ ಏನು, ಆ ಮಾತೆಲ್ಲ ಇನ್ನೂ ಬಾಕಿ ಇದೆ. ಅದನ್ನ ಆಡೋಕೆ ನನ್ನ ಕೈಲಾಗಲ್ಲ."