ಕರ್ನಲ್ ಅವರಿಗೆ ಒಂದು ಹಾರ

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಪಾಠ ಹೇಳುವವರಿಗೆ ಬಹಳ ಕಷ್ಟ. ನಾನು ಇಪ್ಪತ್ತಾರು ವರ್ಷಗಳಿಂದ ತಮಿಳುನಾಡಿನ ಗಡಿಯಲ್ಲಿರುವ ತಳಿ ಎಂಬ ಊರಿನ ಕಡೆಯ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಕನ್ನಡ ಟೀಚರು. ಮಕ್ಕಳು ನನಗೆ ತಿಳಿಯದ್ದೇನಾದರೂ ಕೇಳಿದರೆ “ಅದು ಮುಂದಿನ ಪಾಠದಲ್ಲಿ ಬರುತ್ತೆ, ಕೂತ್ಕೋ” ಎಂದು ಹೇಳಿ ಬಚಾವಾಗುತ್ತಾ ಬಂದಿದ್ದೇನೆ. ಮುಂದಿನ ಪಾಠ ಮುಗಿಯುವ ಹೊತ್ತಿಗೆ ಕೇಳಿದವರಿಗೂ ಮರೆತಿರುತ್ತದೆ, ನನಗಂತೂ ಮರೆತೇ ಇರುತ್ತದೆ. ಶಾಲೆಯ ಗೇಟಿನೊಳಗೆ ಇರುವಷ್ಟು ದಿನ ಈ ಅಭ್ಯಾಸದಿಂದ ಯಾರಿಗೂ ತೊಂದರೆಯಾಗಲಿಲ್ಲ. ಅದನ್ನು ಹೊರಗೆ ತಂದು ಕಂಪ್ಯೂಟರ್ ಬಲ್ಲವರ ನಡುವೆ ಬಿಟ್ಟಾಗ ಏನಾಯಿತು ಎಂಬುದನ್ನು ಈಗ ಒಪ್ಪಿಸಿಬಿಡುತ್ತೇನೆ. ನಮ್ಮ ಯಜಮಾನರಿಗೆ ಇದೆಲ್ಲ ಗೊತ್ತು. ಅವರು ನೆಂಟರ ಮುಂದೆ ಹೇಳುವ ಮೊದಲು ನಾನೇ ಹೇಳಿಕೊಂಡರೆ ಅಷ್ಟರ ಮಟ್ಟಿಗಾದರೂ ಮಾನ ಉಳಿಯುತ್ತದೆ.

ಶುರುವಾಗಿದ್ದು ಮಗಳ ಲಗ್ನಪತ್ರಿಕೆಯಿಂದ. ಗಂಡಿನ ಕಡೆಯವರು ಕೃಷ್ಣಗಿರಿಯಲ್ಲಿ ಮಾವಿನ ಸಸಿ ಕಸಿ ಕಟ್ಟಿ ಮಾರುವವರು, ಮನೆಮಾತು ತೆಲುಗು. ನಮ್ಮದು ಕನ್ನಡ. ಕರೆಯಬೇಕಾದ ಅರ್ಧ ಜನ ತಮಿಳರು. ಆದ್ದರಿಂದ ಪತ್ರಿಕೆ ಮೂರು ಭಾಷೆಯಲ್ಲಿ ಆಗಬೇಕೆಂದು ತೀರ್ಮಾನವಾಯಿತು. ಹೊಸೂರಿನ ಅಚ್ಚಿನ ಅಂಗಡಿಯವನು ತಮಿಳು, ತೆಲುಗು ತಾನೇ ಟೈಪ್ ಹೊಡೆದುಕೊಳ್ಳುವುದಾಗಿಯೂ, ಕನ್ನಡ ಹೊಡೆಯುತ್ತಿದ್ದ ಹುಡುಗಿ ಮದುವೆಯಾಗಿ ಹೋದಳಾದ್ದರಿಂದ ಕನ್ನಡದ್ದನ್ನು ಮಾತ್ರ ನೀವೇ ತಂದುಕೊಡಿ ಎಂದೂ ಹೇಳಿದ. ಕನ್ನಡ ಟೀಚರಿಗೆ ಇದೇನು ದೊಡ್ಡದು ಎಂದು ಒಪ್ಪಿಕೊಂಡು ಬಂದೆ. ನನ್ನ ತಮ್ಮ ಹೊಸದು ಕೊಂಡಾಗ ನಮ್ಮ ಮನೆಗೆ ತಂದಿಟ್ಟ ಹಳೆಯ ಕಂಪ್ಯೂಟರ್ ಒಂದು ಹಾಲ್‌ನಲ್ಲಿ ಇತ್ತು. ಅದರ ಮುಂದೆ ಕುಳಿತು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಬೀಗರ ಹೆಸರು ಮುತ್ಯಾಲಪ್ಪ. ಪರದೆಯ ಮೇಲೆ ಬಂದದ್ದು ‘ಮುತ್ ಯಾಲಪ್ ಪ’. ಒತ್ತಕ್ಷರಗಳೆಲ್ಲ ಸಾಲಿನಿಂದ ಬಿದ್ದ ಹಲ್ಲುಗಳಂತೆ ಬೇರೆ ಬೇರೆ ನಿಂತಿದ್ದವು. ನಿಶ್ಚಿತಾರ್ಥದ ದಿನ ಯಾರೋ ಅವರ ಹೆಸರಿನ ಮುಂದಿನ ಇನಿಷಿಯಲ್ ಬಿಟ್ಟು ಓದಿದ್ದಕ್ಕೇ ಬೀಗರು ಊಟಕ್ಕೆ ಏಳದೆ ಅರ್ಧ ಗಂಟೆ ಗೋಡೆ ನೋಡಿಕೊಂಡು ಕುಳಿತಿದ್ದರು. ಇನ್ನು ಅವರ ಹೆಸರನ್ನೇ ಮೂರು ತುಂಡು ಮಾಡಿ ಊರಿಗೆಲ್ಲ ಹಂಚಿದರೆ ಮದುವೆ ನಡೆಯುತ್ತದೆ ಎಂಬ ಧೈರ್ಯ ನನಗಿರಲಿಲ್ಲ.

ನಮ್ಮ ಶಾಲೆಯ ಗಣಿತದ ಮೇಷ್ಟರು ನನ್ನ ಅವಸ್ಥೆ ಕೇಳಿ, ಫೋನಿನಲ್ಲಿರುವ ‘ಗಡಿನಾಡ ಗಣಕ ಗೆಳೆಯರು’ ಎಂಬ ಗುಂಪಿಗೆ ಸೇರಿಸಿದರು. ನಮ್ಮ ಸುತ್ತಿನ ಕಂಪ್ಯೂಟರ್ ಹುಚ್ಚಿನವರೆಲ್ಲ ಅದರಲ್ಲಿದ್ದರು. ಅಲ್ಲಿ ಒಂದು ಕಟ್ಟುನಿಟ್ಟು, ಏನೇ ಬರೆದರೂ ಕನ್ನಡ ಅಕ್ಷರದಲ್ಲೇ ಬರೆಯಬೇಕು. ನನಗೆ ಬಹಳ ಸಂತೋಷವಾಯಿತು. ನನ್ನ ಸರ್ವನಾಶಕ್ಕೆ ಈ ಕಟ್ಟುನಿಟ್ಟೇ ಕಾರಣವಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ. “ಒತ್ತಕ್ಷರಗಳು ಒಡೆಯುತ್ತಿವೆ, ದಯವಿಟ್ಟು ಪರಿಹಾರ ತಿಳಿಸಿ” ಎಂದು ಬರೆದು, ಕಾಫಿಗೆ ನೀರಿಟ್ಟು ಬರುವಷ್ಟರಲ್ಲಿ ನಲವತ್ತು ಉತ್ತರಗಳು ಬಂದಿದ್ದವು.

ಅವುಗಳಲ್ಲಿ ಒತ್ತಕ್ಷರದ ಬಗ್ಗೆ ಇದ್ದದ್ದು ಎರಡು. ಉಳಿದವೆಲ್ಲ ಜಗಳ. ಗುಂಪಿನಲ್ಲಿ ಎರಡು ಪಕ್ಷಗಳಿದ್ದವು. ಕಂಪ್ಯೂಟರಿನೊಳಗೆ ಕೂತು ಅದನ್ನು ನಡೆಸುವ ವ್ಯವಸ್ಥೆಯನ್ನು ಪುಕ್ಕಟೆಯಾಗಿ ಪಡೆಯಬೇಕು ಎನ್ನುವವರದು ಒಂದು, ಕಾಸು ಕೊಟ್ಟು ಕೊಳ್ಳಬೇಕು ಎನ್ನುವವರದು ಇನ್ನೊಂದು. ಪುಕ್ಕಟೆ ಪಕ್ಷದ ಮುಂದಾಳು ಬೇರಿಕೆಯ ಮುನಿರಾಜು, ಕೆಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯವನು. ಕಾಸಿನ ಪಕ್ಷದ ಮುಂದಾಳು ಹೊಸೂರಿನ ಫ್ಯಾಕ್ಟರಿಯೊಂದರ ಎಲೆಕ್ಟ್ರಿಷಿಯನ್ ಸೆಲ್ವಂ. ಮನೆಮಾತು ತಮಿಳಾದರೂ ಜೊತೆ ಕೆಲಸಗಾರರಿಂದ ಕನ್ನಡ ಕಲಿತು, ಕಲಿತದ್ದನ್ನೆಲ್ಲ ಮುನಿರಾಜುವನ್ನು ಬೈಯಲು ಬಳಸುತ್ತಿದ್ದ. ಕಾಸು ಕೊಟ್ಟು ತಗೊಂಡೋರಿಗೂ ವೈರಸ್ ಮಾತ್ರ ಪುಕ್ಕಟೆಯಾಗೇ ಬರುತ್ತದೆ ಎಂದು ಒಬ್ಬ, ನೀನು ಮೂರು ವರ್ಷದಿಂದ ಪ್ರಿಂಟರ್ ಜೋಡಿಸುತ್ತಲೇ ಇದ್ದೀಯ ಎಂದು ಇನ್ನೊಬ್ಬ. ಇವರ ನಡುವೆ ತಳಿಯಲ್ಲಿ ಗುಲಾಬಿ ಬೆಳೆಯುವ ರೈತರೊಬ್ಬರಿದ್ದರು. ಯಾರು ಏನು ಕೇಳಿದರೂ ಅವರದು ಒಂದೇ ಉತ್ತರ: “ಒಂದ್ಸಲ ಆಫ್ ಮಾಡಿ ಆನ್ ಮಾಡಿ.” ಯಾರೋ ತಪ್ಪಿ ಹಸು ಮೇವು ತಿನ್ನುತ್ತಿಲ್ಲ ಎಂದು ಹಾಕಿದ್ದಕ್ಕೂ ಅದನ್ನೇ ಬರೆದಿದ್ದರಂತೆ.

ಇವೆಲ್ಲದರ ನಡುವೆ ಮುನಿರಾಜು ನನ್ನನ್ನು ಕೇಳಿದ: “ಟೀಚರ್, ನಿಮ್ದು ಯಾವ ಕರ್ನಲ್ಲು?”

ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಕರ್ನಲ್ ಎಂದರೆ ಸೈನ್ಯದ ದೊಡ್ಡ ಅಧಿಕಾರಿ. ಇಂಥ ಗುಂಪಿನಲ್ಲಿ ಕೆಲಸ ಆಗಬೇಕಾದರೆ ದೊಡ್ಡವರ ಶಿಫಾರಸು ಬೇಕೇನೋ ಎಂದುಕೊಂಡೆ. ಪ್ರಾಮಾಣಿಕವಾಗಿ ಬರೆದೆ: “ನನಗೆ ಯಾವ ಕರ್ನಲ್ ಅವರೂ ಪರಿಚಯವಿಲ್ಲ. ನಮ್ಮ ತಂದೆಯ ಕಾಲದಲ್ಲಿ ಗುಮ್ಮಳಾಪುರದಲ್ಲಿ ಒಬ್ಬರು ಹವಾಲ್ದಾರರಿದ್ದರು, ಈಗಿಲ್ಲ.” ಒಂದು ಕ್ಷಣದಲ್ಲಿ ಪರದೆಯ ತುಂಬ ಹಳದಿ ಮುಖಗಳು ಬಂದವು, ಎಲ್ಲದರ ಕಣ್ಣಲ್ಲೂ ನೀರು. ಎಂಥ ಮೃದು ಹೃದಯದವರು ಎಂದುಕೊಂಡೆ. ಅಳಬೇಡಿ, ಅವರು ಹೋಗಿ ಬಹಳ ವರ್ಷವಾಯಿತು ಎಂದು ಸಮಾಧಾನ ಹೇಳಿದೆ. ಮುಖಗಳು ಇನ್ನೂ ಹೆಚ್ಚು ಅತ್ತವು. ಅವು ನಗುವಿನ ಕಣ್ಣೀರು ಎಂಬುದು ನನಗೆ ತಿಳಿದದ್ದು ಮುಂದೆ.

ಆಮೇಲೆ ಕರ್ನಲ್ ಮಾತೇ ಮಾತು. ಒತ್ತಕ್ಷರ ಒಡೆಯುವುದಕ್ಕೂ ಕರ್ನಲ್ಲೇ ಕಾರಣ ಎಂದು ಸೆಲ್ವಂ ಖಡಾಖಂಡಿತವಾಗಿ ಬರೆದ. ಕರ್ನಲ್ ತಂಟೆಗೆ ಬರಬೇಡ, ಅದು ತನ್ನ ಪಾಡಿಗೆ ತಾನು ಒಳಗೆ ಕೂತು ಕೆಲಸ ಮಾಡುತ್ತದೆ ಎಂದು ಮುನಿರಾಜು ಬರೆದ. ಇನ್ಯಾರೋ ಈ ಕರ್ನಲ್ ಹಳೆಯದಾಯಿತು, ಕಿತ್ತು ಹಾಕಿ ಎಂದರು. ನನಗೆ ಬೇಜಾರಾದದ್ದು ವ್ಯಾಕರಣದ ಬಗ್ಗೆ. ದೇಶಕ್ಕಾಗಿ ದುಡಿದ ಹಿರಿಯರನ್ನು ‘ಅದು’, ‘ಇದು’ ಎನ್ನುವುದೇ? ನಪುಂಸಕ ಲಿಂಗವನ್ನು ಎಲ್ಲಿ ಬಳಸಬೇಕು, ಗೌರವಾರ್ಥದ ಬಹುವಚನವನ್ನು ಎಲ್ಲಿ ಬಳಸಬೇಕು ಎಂದು ಹತ್ತನೇ ತರಗತಿಗೆ ಹೇಳುವಂತೆ ಉದಾಹರಣೆ ಸಮೇತ ದೊಡ್ಡದಾಗಿ ಬರೆದು ಹಾಕಿದೆ. ಗುಂಪು ಮತ್ತೆ ಗಳಗಳನೆ ಅತ್ತಿತು. ಆದರೆ ಆ ದಿನದಿಂದ ಎಲ್ಲರೂ ನನ್ನ ಮಾತು ನಡೆಸಿದರು. ಕರ್ನಲ್ ಅವರು ಬೆಳಗ್ಗೆ ಬೇಗ ಏಳುತ್ತಿಲ್ಲ, ಕರ್ನಲ್ ಅವರಿಗೆ ಹೊಸ ಪ್ರಿಂಟರ್ ಕಂಡರೆ ಆಗುವುದಿಲ್ಲ, ಕರ್ನಲ್ ಅವರು ಏಳದೆ ಬೇರೆ ಯಾರೂ ಏಳುವ ಹಾಗಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಹೇಳಿದ ಒಂದು ಪಾಠವೂ ಇಷ್ಟು ಬೇಗ ಕಾರ್ಯರೂಪಕ್ಕೆ ಬಂದಿರಲಿಲ್ಲ.

ನನ್ನ ಮನಸ್ಸಿನಲ್ಲಿ ಅವರ ಚಿತ್ರ ಪೂರ್ತಿಯಾಗಿ ಮೂಡಿತ್ತು. ಬೇರಿಕೆಯಲ್ಲೊಂದು ಮನೆ, ಬಿಳಿ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಕೋಣೆಯಿಂದ ಹೊರಗೆ ಬಾರದ ಶಿಸ್ತಿನ ಮನುಷ್ಯ. ಎಲ್ಲರೂ ಅವರನ್ನೇ ನಂಬಿ ಬದುಕುತ್ತಾರೆ, ಆದರೆ ಅವರ ಬಗ್ಗೆ ಒಂದು ಒಳ್ಳೆ ಮಾತನ್ನೂ ಆಡುವುದಿಲ್ಲ. ನಮ್ಮ ಯಜಮಾನರಿಗೆ ಹೇಳಿದೆ. ಅವರು ಬಸ್ ಡಿಪೋದಲ್ಲಿ ಟೈಮ್ ಕೀಪರ್, ಒಂದು ಬಸ್ಸಿಗೆ ಒಂದು ವಾಕ್ಯದಂತೆ ಮಾತಾಡುವವರು. ಬೇರಿಕೆಯಲ್ಲಿ ಕರ್ನಲ್ ಯಾರೂ ಇದ್ದಂತೆ ಕೇಳಿಲ್ಲ ಎಂದರು. ನಿಮಗೆ ಬಸ್ಸಿನ ನಂಬರು ಬಿಟ್ಟು ಇನ್ನೇನು ಗೊತ್ತು ಎಂದು ನಾನು ಅಂದೆ. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಒಂದು ಶುಕ್ರವಾರ ಶಾಲೆ ಬಿಟ್ಟು ಬರುವಾಗ ಬಸ್ಸಿನಲ್ಲಿ ಫೋನ್ ತೆಗೆದರೆ ಮುನಿರಾಜು ಬರೆದಿದ್ದ: “ಕರ್ನಲ್ ಅವರು ಗಾಬರಿಯಾಗಿ ಹೋಗ್ಬುಟ್ರು. ಏನ್ ಮಾಡಿದ್ರೂ ಏಳ್ಲಿಲ್ಲ. ಭಾನುವಾರ ಹತ್ತು ಗಂಟೆಗೆ ಎಲ್ಲಾ ನಮ್ಮಂಗ್ಡಿ ತಾವ ಬನ್ನಿ.” ಅದರ ಕೆಳಗೆ ಅಳುವ ಮುಖಗಳ ಸಾಲು. ಗುಲಾಬಿಯವರು ಮಾತ್ರ “ಒಂದ್ಸಲ ಆಫ್ ಮಾಡಿ ಆನ್ ಮಾಡಿ” ಎಂದು ಹಾಕಿದ್ದರು. ಸಾವಿನ ಮನೆಯಲ್ಲೂ ಈ ಮನುಷ್ಯನಿಗೆ ಹುಡುಗಾಟವೇ ಎಂದು ನನಗೆ ಮೈ ಉರಿದುಹೋಯಿತು.

ಭಾನುವಾರ ನಾನು ಬಣ್ಣವಿಲ್ಲದ ಒಂದು ನೂಲಿನ ಸೀರೆ ಉಟ್ಟೆ. ಹೊಸೂರಿನ ಹೂವಿನಂಗಡಿಯಲ್ಲಿ ಸೇವಂತಿಗೆಯ ದೊಡ್ಡ ಹಾರ ಕಟ್ಟಿಸಿದೆ. ಸೈನಿಕರಾದ್ದರಿಂದ ಸಣ್ಣದು ಸರಿಹೋಗುವುದಿಲ್ಲ ಎಂದು ಹೇಳಿ ಎರಡು ಮೊಳ ಉದ್ದ ಹೆಚ್ಚಿಸಿದೆ. ಯಜಮಾನರು ಸ್ಕೂಟರ್ ಓಡಿಸಿದರು, ಹಾರ ನನ್ನ ಮಡಿಲಲ್ಲಿ ಮಲಗಿತ್ತು. ಮಗಳ ಮದುವೆ ಹತ್ತಿರ ಇಟ್ಟುಕೊಂಡು ಇಂಥದ್ದಕ್ಕೆ ಹೋಗಬಹುದೋ ಎಂದು ದಾರಿಯಲ್ಲಿ ಅವರು ಒಮ್ಮೆ ಕೇಳಿದರು. ಹೋಗದಿದ್ದರೆ ಮನುಷ್ಯತ್ವವಲ್ಲ ಎಂದೆ.

ಅಂಗಡಿಯ ಮುಂದೆ ಶಾಮಿಯಾನವಿರಲಿಲ್ಲ, ಬೆಂಚುಗಳೂ ಇರಲಿಲ್ಲ. ಒಳಗೆ ತಾಮ್ರದ ತಂತಿಯ ಸುರುಳಿಗಳ ನಡುವೆ ಏಳೆಂಟು ಜನ ನೆಲದ ಮೇಲೆ ಕೂತು ವಡೆ ತಿನ್ನುತ್ತಾ ನಗುತ್ತಿದ್ದರು. ನಡುವೆ ಹೊಟ್ಟೆ ಬಿಚ್ಚಿದ ಒಂದು ಕಂಪ್ಯೂಟರ್. ಮೂಲೆಯಲ್ಲಿ ಮುನಿರಾಜುವಿನ ಹೆಂಡತಿ ಲಕ್ಷ್ಮಮ್ಮ ಯಾರ ಕಡೆಗೂ ನೋಡದೆ ಒಂದು ಮೋಟಾರಿಗೆ ತಂತಿ ಸುತ್ತುತ್ತಿದ್ದಳು. ಅಂಗಡಿಯ ಕೆಲಸ ನಿಜವಾಗಿ ಮಾಡುವವಳು ಅವಳೇ ಎಂದು ಆಮೇಲೆ ತಿಳಿಯಿತು. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮೆಲ್ಲಗೆ ಕೇಳಿದೆ.

“ಅವರನ್ನ ಎಲ್ಲಿ ಮಲಗಿಸಿದ್ದೀರಿ?”

ಮುನಿರಾಜು ಎದ್ದು ನಿಂತು ಬಿಚ್ಚಿದ ಕಂಪ್ಯೂಟರ್ ಕಡೆಗೆ ಕೈ ತೋರಿಸಿದ. “ಇಲ್ಲೇ ಮಲ್ಗವ್ರಲ್ಲ ಟೀಚರ್. ಶುಕ್ರವಾರದಿಂದ ಒಂದು ಮಾತಿಲ್ಲ ಕತೆಯಿಲ್ಲ.”

ನಾನು ಕಂಪ್ಯೂಟರನ್ನು ನೋಡಿದೆ, ಅವನನ್ನು ನೋಡಿದೆ, ಹಾರವನ್ನು ನೋಡಿದೆ. ಪಕ್ಕದಲ್ಲಿದ್ದ ಒಬ್ಬರು ಇನ್ನೊಬ್ಬರಿಗೆ, ಕರ್ನಲ್ ಎಂದರೆ ಇಡೀ ವ್ಯವಸ್ಥೆಯ ಒಳಗಿನ ತಿರುಳು, ಅದು ‘ಗಾಬರಿ’ಯಾಯಿತು ಎಂದರೆ ಕೆಟ್ಟು ನಿಂತಿತು ಎಂದರ್ಥ, ಆಮೇಲೆ ಮಿಕ್ಕಿದ್ದೆಲ್ಲ ಇದ್ದೂ ಇಲ್ಲದ ಹಾಗೆ ಎಂದು ವಿವರಿಸುತ್ತಿದ್ದರು. ಇಂಗ್ಲಿಷಿನಲ್ಲಿ ಬರೆದಿದ್ದರೆ ಅದರ ಸ್ಪೆಲಿಂಗೇ ಬೇರೆ, ಕನ್ನಡ ಅಕ್ಷರದಲ್ಲಿ ಮಾತ್ರ ಅದೂ ಕರ್ನಲ್, ಸೈನ್ಯದವರೂ ಕರ್ನಲ್. ಬಿಳಿ ಮೀಸೆಯವರು, ಅವರ ಇಸ್ತ್ರಿ ಅಂಗಿ, ಅವರ ಕೋಣೆ ಎಲ್ಲ ನನ್ನ ಕಣ್ಣ ಮುಂದೆಯೇ ಕರಗಿಹೋದವು. ನಿಜ ಹೇಳಬೇಕೆಂದರೆ ಆಗ ನನಗೆ ಮೊದಲು ಆದದ್ದು ನಾಚಿಕೆಯಲ್ಲ, ದುಃಖ. ಎರಡು ವಾರದಿಂದ ಪರಿಚಯವಿದ್ದ ಮನುಷ್ಯ, ಒಂದು ಸಲವೂ ನೋಡಲಾಗಲಿಲ್ಲ.

ಅಷ್ಟರಲ್ಲಿ ಸೆಲ್ವಂ ಹಾರ ನೋಡಿಬಿಟ್ಟ. ನೋಡಿದವನು ವಡೆ ಕೆಳಗಿಟ್ಟು ನಗಲು ಶುರುಮಾಡಿದ. ಉಳಿದವರೂ ಸೇರಿಕೊಂಡರು. ಗುಂಪು ಕಟ್ಟಿದಾಗಿನಿಂದ ಇಂಥ ತಮಾಷೆ ಯಾರೂ ಮಾಡಿಲ್ಲ, ಟೀಚರ್ ಸೀರೆ ಸಮೇತ ವೇಷ ಹಾಕಿಕೊಂಡು ಬಂದಿದ್ದಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಗೊತ್ತಿರಲಿಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು ಹೇಳಲಿಲ್ಲ. ಗಂಭೀರವಾಗಿ ಮುಂದೆ ನಡೆದು ಕಂಪ್ಯೂಟರಿಗೆ ಹಾರ ಹಾಕಿ, ಕೈಮುಗಿದು, ಒಂದು ನಿಮಿಷ ಮೌನ ಆಚರಿಸೋಣ ಎಂದೆ. ಎಲ್ಲರೂ ಫೋಟೋ ತೆಗೆದರು. ಎಲ್ಲ ಫೋಟೋಗಳಲ್ಲೂ ನನ್ನ ಹಿಂದೆ ಯಜಮಾನರು ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದಾರೆ. ಆ ಜಾಗದಲ್ಲಿ ನಿಜವಾದ ಶೋಕ ಇದ್ದದ್ದು ಅವರ ಮುಖದಲ್ಲಿ ಮಾತ್ರ.

ಬಂದದ್ದಕ್ಕೆ ಒತ್ತಕ್ಷರದ ವಿಷಯವನ್ನೂ ಎತ್ತಿದೆ. ತಕ್ಷಣ ಎರಡು ಪಕ್ಷಗಳೂ ಕರ್ನಲ್ ಅವರನ್ನು ಬಿಟ್ಟು ಬೀಗರ ಹೆಸರಿಗೆ ಅಂಟಿಕೊಂಡವು. ಅಕ್ಷರದ ಅಚ್ಚು ಬದಲಾಯಿಸಬೇಕು, ಅಲ್ಲ, ವ್ಯವಸ್ಥೆಯನ್ನೇ ಬದಲಾಯಿಸಬೇಕು, ಅಲ್ಲ, ಕಂಪ್ಯೂಟರನ್ನೇ. ಒಂದು ಗಂಟೆ ಕಳೆದರೂ ಮುತ್ಯಾಲಪ್ಪನವರು ತುಂಡಾಗೇ ಇದ್ದರು. ಆಗ ಲಕ್ಷ್ಮಮ್ಮ ತಂತಿಯಿಂದ ತಲೆ ಎತ್ತದೆ ಕೇಳಿದಳು.

“ಟೀಚರ್, ನೀವು ಬೋರ್ಡ್ ಮ್ಯಾಲೆ ಬರಿಯೋರಲ್ವಾ? ಕೈಯಾಗೇ ಬರ್ಕೊಟ್ರೆ ಅಚ್ಚಾಕಲ್ವಾ ಅವ್ರು?”

ಎರಡು ಪಕ್ಷಗಳೂ ಹೂಂ ಎಂದವು. ಅದರ ಹಿಂದೆಯೇ, ಬರೆದದ್ದನ್ನು ಫೋನಿನಲ್ಲಿ ತೆಗೆಯುವುದು ಒಳ್ಳೆಯದೋ ಸ್ಕ್ಯಾನರಿನಲ್ಲೋ ಎಂದು ಹೊಸ ಜಗಳ ಆರಂಭವಾಯಿತು. ಅಷ್ಟು ಹೊತ್ತಿಗೆ ನಾವು ಚಪ್ಪಲಿ ಹಾಕಿಕೊಂಡಿದ್ದೆವು.

ಪತ್ರಿಕೆ ನನ್ನ ಕೈಬರಹದಲ್ಲೇ ಅಚ್ಚಾಯಿತು. ಮೊದಲ ಪ್ರತಿಯನ್ನು ನಾನೇ ಬೀಗರ ಕೈಗೆ ಕೊಟ್ಟೆ. ಅವರು ಕನ್ನಡದ ಕಡೆಯನ್ನೇ ಮೊದಲು ತಿರುಗಿಸಿ, ತಮ್ಮ ಹೆಸರಿನ ಮೇಲೆ ಬೆರಳಾಡಿಸಿ, ನಮ್ಮ ತೆಲುಗು ಅಕ್ಷರದ ಹಾಗೇ ಇದೆಯಲ್ಲ, ಎಷ್ಟು ಗುಂಡಗಿದೆ ಎಂದರು. ಇನಿಷಿಯಲ್ ಇದೆಯೇ ಎಂದು ಇನ್ನೊಮ್ಮೆ ನೋಡಿಕೊಂಡು, ಊಟಕ್ಕೆ ತಾವೇ ಮೊದಲು ಎದ್ದರು.

ಮದುವೆ ಚೆನ್ನಾಗಿ ನಡೆಯಿತು. ಗುಂಪಿನವರೆಲ್ಲ ಬಂದು ಉಂಡು ಹೋದರು. ನನ್ನ ಸಂಕಟ ಮುಗಿಯಲಿಲ್ಲ. ಈಗ ಗುಂಪಿನಲ್ಲಿ ನಾನು ಹಾಸ್ಯಗಾರ್ತಿ ಎಂದು ಹೆಸರಾಗಿದ್ದೆ. ಏನು ಕೇಳಿದರೂ ನಗುತ್ತಿದ್ದರು, ಯಾವುದು ತಮಾಷೆ ಯಾವುದು ಅಲ್ಲ ಎಂಬುದು ನನಗೇ ತಿಳಿಯುತ್ತಿರಲಿಲ್ಲ. ಕೊನೆಗೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಸತ್ಯ ಬರೆದುಬಿಟ್ಟೆ. ನನಗೆ ಕಂಪ್ಯೂಟರ್ ಏನೂ ತಿಳಿಯದು, ಕರ್ನಲ್ ಎಂಬವರು ನಿಜವಾದ ಮನುಷ್ಯರೆಂದೇ ನಂಬಿದ್ದೆ, ಹಾರ ತಂದದ್ದು ಶೋಕದಿಂದ, ದಯವಿಟ್ಟು ಕ್ಷಮಿಸಿ. ಎರಡು ಸಲ ಓದಿ ಕಳುಹಿಸಿದೆ. ಪರದೆ ಹಳದಿ ಮುಖಗಳಿಂದ ತುಂಬಿಹೋಯಿತು. “ಇದು ಎಲ್ಲಾಕಿಂತ ಚೆನ್ನಾಗದೆ ಟೀಚರ್” ಎಂದು ಮುನಿರಾಜು ಬರೆದ.

ಹತ್ತು ನಿಮಿಷದ ಮೇಲೆ ಸೆಲ್ವಂ ಗುಂಪಿನ ಹೊರಗೆ, ನನಗೊಬ್ಬಳಿಗೇ ಕಳುಹಿಸಿದ: “ಟೀಚರ್, ನಾನು ನಂಬ್ತೀನಿ. ಕರ್ನಲ್ ಅಂದ್ರೆ ಏನು ಅಂತ ನಂಗೂ ಆ ದಿನ ಅಂಗಡಿಯಲ್ಲೇ ಗೊತ್ತಾಗಿದ್ದು. ಬೈಯೋಕೆ ಚೆನ್ನಾಗಿರತ್ತೆ ಅಂತ ಸುಮ್ನೆ ಕರ್ನಲ್ ಕರ್ನಲ್ ಅಂತಿದ್ದೆ. ಯಾರ್ಗೂ ಹೇಳ್ಬೇಡಿ.”

ಎಷ್ಟೋ ದಿನಗಳ ಮೇಲೆ ನನಗೆ ಉಸಿರು ಸರಾಗವಾಗಿ ಬಂತು. ಅದರಲ್ಲೇನೂ ತಪ್ಪಿಲ್ಲ, ಕರ್ನಲ್ ಎಂದರೆ ವ್ಯವಸ್ಥೆಯ ಒಳಗಿನ ತಿರುಳು ಅಷ್ಟೆ ಎಂದು ನಾಲ್ಕು ಸಾಲಿನಲ್ಲಿ ಸಮಾಧಾನವಾಗಿ ತಿಳಿಸಿಕೊಟ್ಟೆ. ಅವನು ಬಹಳ ವಿನಯದಿಂದ ಇನ್ನೊಂದು ಪ್ರಶ್ನೆ ಹಾಕಿದ. ಗುಂಪಿನಲ್ಲಿ ಎಲ್ಲರೂ ಕಂಪ್ಯೂಟರಿನ ಶೆಲ್ ಶೆಲ್ ಅನ್ನುತ್ತಾರಲ್ಲ, ಹಾಗೆಂದರೆ ಏನು ಟೀಚರ್?

ನನಗೆ ತಿಳಿದ ಶೆಲ್ ಫಿರಂಗಿಯಿಂದ ಹಾರುವಂಥದ್ದು. ಮತ್ತೆ ಸೈನ್ಯದ ಕಡೆಗೇ ಹೋಗುವುದು ಬೇಡ ಎನಿಸಿತು. ಗೊತ್ತಿಲ್ಲ ಎಂದು ಬರೆದೆ, ಅಳಿಸಿದೆ. ಆಮೇಲೆ ಕನ್ನಡಕ ಸರಿಮಾಡಿಕೊಂಡು, “ಆ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ನಾನು ಎರಡನೆಯದನ್ನು ಒಪ್ಪುತ್ತೇನೆ” ಎಂದು ಬರೆದು ಕಳುಹಿಸಿದೆ.

“ರೊಂಬ ಥ್ಯಾಂಕ್ಸ್ ಟೀಚರ್,” ಎಂದು ಉತ್ತರ ಬಂತು. “ಈಗ ಅರ್ಥ ಆಯ್ತು.”